ಮೊದಲು ಎಂಜಿನ್ ಮುಟ್ಟಿ ನೋಡಿ

ಭತ್ತದ ದುಡ್ಡು ಕೈಗೆ ಬಂದ ವಾರಗಳಲ್ಲಿ ಸಿರುಗುಪ್ಪದ ಗ್ಯಾರೇಜುಗಳ ಮುಂದೆ ಈ ನೋಟ ತಪ್ಪುವುದಿಲ್ಲ. ಹಚ್ಚೊಳ್ಳಿ ಕಡೆಯಿಂದಲೋ ತೆಕ್ಕಲಕೋಟೆ ಕಡೆಯಿಂದಲೋ ಬಂದ ಇಬ್ಬರು, ನೀರು ಹೊಡೆದು ಪಾಲಿಷ್ ಹಾಕಿ ನಿಲ್ಲಿಸಿದ ಹಳೆಯ ಸ್ಪ್ಲೆಂಡರ್ ಸುತ್ತ ಎರಡು ಸುತ್ತು ಬರುತ್ತಾರೆ. ಟ್ಯಾಂಕಿನ ಮೇಲೆ ಕೈಯಾಡಿಸುತ್ತಾರೆ, ಟೈರು ಒತ್ತುತ್ತಾರೆ, ಹಾರ್ನ್ ಹೊಡೆಯುತ್ತಾರೆ. ಮಾರುವವನು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸುತ್ತಾನೆ. ‘ನೋಡಣ್ಣ, ಗಾಡಿ ಕಂಡೀಷನ್ ಐತೆ. ಬರೇ ಪೆಟ್ರೋಲ್ ಹಾಕಿ ಓಡಿಸೋದು.’ ಅರ್ಧ ತಾಸಿನೊಳಗೆ ಮಾತು ಮುಗಿದು ಮುಂಗಡ ಕೈ ಬದಲಾಗುತ್ತದೆ.

ಆ ಅರ್ಧ ತಾಸಿನಲ್ಲಿ ಬಹುತೇಕ ಯಾರೂ ಮಾಡದ ಕೆಲಸ ಒಂದಿದೆ. ಕಿಕ್ ಹೊಡೆಯುವ ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟು ನೋಡುವುದು. ಬೆಚ್ಚಗಿದ್ದರೆ ಆ ದಿನ ವ್ಯಾಪಾರ ಬೇಡ.

ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ತನ್ನ ಕಾಯಿಲೆಯನ್ನು ಬಚ್ಚಿಡಲಾರದು. ವಾಲ್ವ್ ಸೀಲು ಸವೆದಿದ್ದರೆ ಮೇಲಿನ ಎಣ್ಣೆ ನಿಧಾನವಾಗಿ ಸಿಲಿಂಡರಿಗೆ ಇಳಿದಿರುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ಉಂಡೆ ಹೊರಬೀಳುತ್ತದೆ, ಆಮೇಲೆ ಕಾಣುವುದಿಲ್ಲ. ಪಿಸ್ಟನ್ ರಿಂಗು ಸೋತಿದ್ದರೆ ಚೋಕ್ ಎಳೆದು ಹತ್ತು ಕಿಕ್ ಹೊಡೆದರೂ ಎಂಜಿನ್ ಏಳದು. ಟೈಮಿಂಗ್ ಚೈನ್ ಸಡಿಲಾಗಿದ್ದರೆ ಮೊದಲ ನಿಮಿಷದಲ್ಲಿ ಎಡಗಡೆ ಗರಗರ ಸದ್ದು ಜೋರಾಗಿರುತ್ತದೆ. ಮಾರುವವನು ಗಿರಾಕಿ ಬರುವ ಹತ್ತು ನಿಮಿಷ ಮೊದಲು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದರೆ ಸಾಕು, ಇವುಗಳಲ್ಲಿ ಅರ್ಧ ಲಕ್ಷಣ ಮಾಯ. ಎಲ್ಲರೂ ಮೋಸಕ್ಕೆಂದೇ ಹೀಗೆ ಮಾಡುತ್ತಾರೆ ಎನ್ನಲಾಗದು. ಗಾಡಿ ಚೆನ್ನಾಗಿ ಕಾಣಲಿ ಎಂಬ ಆಸೆ ಮಾರುವ ಯಾರಿಗೂ ಇರುವಂಥದ್ದೇ. ಆದರೆ ನಷ್ಟ ಕೊಂಡವನ ಮನೆಗೆ ಬರುತ್ತದೆ. ‘ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಣ್ಣ’ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿ, ಬೆಳಿಗ್ಗೆ ಬೇಗ ಹೋಗಬೇಕು.

ಇದೇ ರೈತ ದನದ ಸಂತೆಯಲ್ಲಿ ಹೀಗೆ ಅವಸರ ಮಾಡುವುದಿಲ್ಲ. ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಸುಳಿ ಹುಡುಕುತ್ತಾನೆ, ಹತ್ತು ಹೆಜ್ಜೆ ನಡೆಸುತ್ತಾನೆ, ನಂಬಿಕೆ ಬಾರದಿದ್ದರೆ ನೊಗ ಹೂಡಿಸಿ ನೋಡುತ್ತಾನೆ. ಆ ವಿದ್ಯೆ ಈ ಭಾಗದ ಮನೆಮನೆಯಲ್ಲಿದೆ. ಬೈಕಿನ ಮುಂದೆ ನಿಂತಾಗ ಮಾತ್ರ ಅದು ನೆನಪಾಗುವುದಿಲ್ಲ.

ನೆನಪಾಗಬೇಕು. ಏಕೆಂದರೆ ಈ ಊರುಗಳಲ್ಲಿ ಹಳೆಯ ಬೈಕು ಶೋಕಿಯ ವಸ್ತುವಲ್ಲ. ಹೊಲಕ್ಕೆ ಗೊಬ್ಬರ, ಸಿರುಗುಪ್ಪದ ಸಂತೆಗೆ ತರಕಾರಿ, ಕಾಲೇಜಿಗೆ ಮಗಳು, ನಡುರಾತ್ರಿ ಜ್ವರ ಬಂದ ಮಗು, ಎಲ್ಲಕ್ಕೂ ಅದೇ ಒಂದು ಗಾಡಿ. ಬೆಂಗಳೂರು, ಮೈಸೂರಿನ ಕಥೆ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ, ಆಮೇಲೆ ಅಲ್ಲಿಯೇ 1996ರವರೆಗೆ ಬಂದ ಯೆಜ್ಡಿ, 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100 ಇವೆಲ್ಲ ಈಗ ಪ್ರೀತಿಗಾಗಿ ಕೊಳ್ಳುವ ಗಾಡಿಗಳು. ಅವನ್ನು ಕೊಂಡವರು ಭಾನುವಾರ ಬಿಚ್ಚಿ ಜೋಡಿಸುತ್ತ ಕೂರಬಲ್ಲರು. ಹಚ್ಚೊಳ್ಳಿಯ ರೈತನಿಗೆ ಸೋಮವಾರ ಬೆಳಿಗ್ಗೆ ಗಾಡಿ ಹೊರಡಲೇಬೇಕು.

ಇಲ್ಲಿ ಕೈಬದಲಾಗುವ ಹಳೆಯ ಗಾಡಿಗಳಲ್ಲಿ ಹೀರೋ ಹೋಂಡಾ ಕುಟುಂಬದ್ದೇ ದೊಡ್ಡ ಪಾಲು. 1985ರ ಸಿಡಿ 100, 1994ರ ಸ್ಪ್ಲೆಂಡರ್, 2001ರ ಪ್ಯಾಷನ್, ಮೂರರದ್ದೂ ಹೆಚ್ಚುಕಡಿಮೆ ಒಂದೇ ಜಾತಿಯ 97.2 ಸಿಸಿ ಎಂಜಿನ್. ಹೀರೋ ಮತ್ತು ಹೋಂಡಾ ಬೇರೆಯಾಗುವ ಒಪ್ಪಂದ ಆದದ್ದು 2010ರ ಡಿಸೆಂಬರಿನಲ್ಲಿ. ಹಾಗಾಗಿ ಎರಡೂ ಹೆಸರು ಜೊತೆಗಿರುವ ಗಾಡಿಗೆ ಒಂದೂವರೆ ದಶಕದ ಆಸುಪಾಸು ವಯಸ್ಸಾಗಿದೆ ಎಂದೇ ಲೆಕ್ಕ ಹಿಡಿಯಬೇಕು, ಮೀಟರ್ ಏನೇ ಹೇಳಲಿ.

ಮೀಟರಿನ ಮಾತು ಬಂದದ್ದಕ್ಕೆ ಇಲ್ಲೇ ಹೇಳಿಬಿಡಬೇಕು. ಹಳೆಯ ಗಾಡಿಯ ಮೀಟರು ಓಡುವುದು ಮುಂದಿನ ಚಕ್ರದಿಂದ ಬರುವ ಒಂದು ಕೇಬಲಿನಿಂದ. ಕೇಬಲ್ ತುಂಡಾದ ಮೇಲೆ ವರ್ಷಗಟ್ಟಲೆ ಹಾಗೆಯೇ ಓಡಿಸಿದವರು ಬೇಕಾದಷ್ಟಿದ್ದಾರೆ. ಆದ್ದರಿಂದ ಅಂಕಿ ಬಿಟ್ಟು ರಬ್ಬರ್ ನೋಡಬೇಕು. ಗೇರ್ ಲಿವರಿನ ರಬ್ಬರ್ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿದೆಯೇ? ಬಲಗಾಲಿನ ಬ್ರೇಕ್ ಪೆಡಲಿನ ಗೆರೆಗಳು ನುಣುಪಾಗಿವೆಯೇ? ಕಿಕ್ ರಾಡ್ ಹಲ್ಲು ಜಾರಿ ಸುಮ್ಮನೆ ತಿರುಗುತ್ತದೆಯೇ? ಹದಿನಾಲ್ಕು ವರ್ಷದ ಗಾಡಿ ಇಪ್ಪತ್ತಮೂರು ಸಾವಿರ ಕಿಲೋಮೀಟರ್ ಓಡಿದೆ ಎಂದು ಮೀಟರ್ ತೋರಿಸಿ, ಪೆಡಲ್ ಮಾತ್ರ ಕನ್ನಡಿಯಂತೆ ಸವೆದಿದ್ದರೆ, ನಂಬಬೇಕಾದದ್ದು ಪೆಡಲನ್ನು.

ಈಗ ಎಂಜಿನ್ನಿನ ಬಳಿ ಕೂರೋಣ, ಹತ್ತು ನಿಮಿಷವಾದರೂ. ಮೊದಲು ಇಗ್ನಿಷನ್ ಆನ್ ಮಾಡದೆ ಕಿಕ್ ರಾಡನ್ನು ಕಾಲಿನಿಂದಲ್ಲ, ಕೈಯಿಂದ ನಿಧಾನ ಒತ್ತಬೇಕು. ಒಂದು ಕಡೆ ಗಟ್ಟಿಯಾಗಿ ತಡೆದು ನಿಂತರೆ ಕಂಪ್ರೆಷನ್ ಇದೆ. ಬೆಣ್ಣೆಯಂತೆ ಪೂರ್ತಿ ಇಳಿದುಹೋದರೆ ‘ಬೋರಿಗೆ ಬಂದಿದೆ’ ಎಂದು ಮೇಸ್ತ್ರಿಗಳು ಹೇಳುವ ಸ್ಥಿತಿ ಅದು. ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್, ರಿಂಗು ಹಾಕಿಸುವ ಖರ್ಚು ಸಾವಿರಗಳಲ್ಲಿ ಬರುತ್ತದೆ, ಆ ಲೆಕ್ಕ ಬೆಲೆಯಲ್ಲಿ ಮೊದಲೇ ಇಳಿಯಬೇಕು. ಆಮೇಲೆ ಬಲಗಡೆಯ ಎಣ್ಣೆಯ ಕಡ್ಡಿ ತಿರುಗಿಸಿ ತೆಗೆದು ನೋಡಬೇಕು. ಎಣ್ಣೆ ಕಪ್ಪಗಿದ್ದರೆ ಹಳೆಯದಾಗಿದೆ ಅಷ್ಟೇ. ಕಡ್ಡಿಯ ತುದಿಗೂ ತಾಗದಿದ್ದರೆ ಗಾಡಿಯ ಹಿಂದಿನ ಜೀವನ ಹೇಗಿತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ: ಒಂದು ಲೀಟರೂ ಹಿಡಿಯದ ಇಷ್ಟು ಚಿಕ್ಕ ಎಂಜಿನ್ನಿನಲ್ಲಿ ಸ್ವಲ್ಪ ಎಣ್ಣೆ ಕಡಿಮೆಯಾದರೂ ಮೇಲಿನ ಕ್ಯಾಮ್ ಮೊದಲು ಸವೆಯುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ಒಳಗೆ ನೀರು ಹೋಗಿದೆ.

ಇನ್ನೊಂದು ಜಾಗವಿದೆ, ನೆಲದ ಮಟ್ಟಕ್ಕೆ ತಲೆ ಬಗ್ಗಿಸದೆ ಕಾಣದು. ಎಂಜಿನ್ ತಳದ ಆಯಿಲ್ ಬೋಲ್ಟು. ಪ್ರತಿ ಸಲ ಎಣ್ಣೆ ಬದಲಿಸುವಾಗ ಬಿಗಿಗಿಂತ ಬಿಗಿಯಾಗಿ ತಿರುಗಿಸಿ, ಅಲ್ಯೂಮಿನಿಯಂ ಮರೆ ಹಾಳಾಗಿ, ಕೊನೆಗೆ ಎಂಸೀಲ್ ಮೆತ್ತಿದ ಗಾಡಿಗಳು ಸಾಕಷ್ಟಿವೆ. ಮೇಲೆ ಎಷ್ಟೇ ಪಾಲಿಷ್ ಇರಲಿ, ಬೋಲ್ಟಿನ ಸುತ್ತ ಬೂದು ಬಣ್ಣದ ಆ ಮುದ್ದೆ ಕಂಡರೆ, ಹಿಂದಿನ ಮಾಲೀಕ ಗಾಡಿಯನ್ನು ಯಾರ ಕೈಗೆ ಕೊಟ್ಟಿದ್ದ, ಎಷ್ಟು ಉಳಿಸಲು ನೋಡಿದ್ದ ಎಂಬುದು ತಿಳಿಯುತ್ತದೆ. ಓಡುವ ದಾರಿಯಲ್ಲಿ ಆ ಮುದ್ದೆ ಬಿಟ್ಟುಹೋದರೆ ಎಣ್ಣೆ ಪೂರ್ತಿ ಸುರಿದು ಎಂಜಿನ್ ಹಿಡಿದುಕೊಳ್ಳುತ್ತದೆ.

ಸ್ಟಾರ್ಟ್ ಮಾಡಿದ ಮೇಲೆ ಹೊಗೆಯ ಬಣ್ಣ ನೋಡಬೇಕು. ಚಳಿಯ ಬೆಳಿಗ್ಗೆ ಬರುವ ತೆಳು ಬಿಳಿ ಹೊಗೆ ಬರಿಯ ನೀರಾವಿ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಕಪ್ಪು ಹೊಗೆಗೆ ಕಾರ್ಬುರೇಟರೋ ಏರ್ ಫಿಲ್ಟರೋ ಕಾರಣ, ಸಣ್ಣ ಖರ್ಚು. ಆಕ್ಸಲರೇಟರ್ ಕೊಟ್ಟಷ್ಟೂ ಬರುವ ನೀಲಿ ಹೊಗೆ ಮಾತ್ರ ಎಣ್ಣೆ ಉರಿಯುವ ಹೊಗೆ. ಟೂ ಸ್ಟ್ರೋಕ್ ಗಾಡಿಗೆ ಈ ಲೆಕ್ಕ ಹೊಂದುವುದಿಲ್ಲ. ಆರ್‌ಎಕ್ಸ್ 100ನಂಥ ಗಾಡಿಯಲ್ಲಿ ಎಣ್ಣೆ ಪೆಟ್ರೋಲಿನ ಜೊತೆಗೇ ಉರಿಯಬೇಕು, ಸ್ವಲ್ಪ ನೀಲಿ ಸಹಜ. ಅಲ್ಲಿ ನೋಡಬೇಕಾದದ್ದು ಗೇರ್ ಆಯಿಲ್. ಕ್ರ್ಯಾಂಕಿನ ಆಯಿಲ್ ಸೀಲು ಹೋಗಿದ್ದರೆ ಗೇರ್ ಬಾಕ್ಸಿನ ಎಣ್ಣೆಯನ್ನೇ ಎಂಜಿನ್ ಹೀರಿ ದಟ್ಟ ಹೊಗೆ ಬಿಡುತ್ತದೆ. ಇನ್ನೊಂದು ಬದಿಯ ಸೀಲು ಹೋದರೆ ಗಾಳಿ ಹೀರಿ, ಬಿಸಿಯೇರಿ, ಒಂದು ದಿನ ರಸ್ತೆಯಲ್ಲೇ ಪಿಸ್ಟನ್ ಹಿಡಿಯುತ್ತದೆ.

ಸದ್ದು ಕೇಳಿ ಗುರುತಿಸಲು ಅಭ್ಯಾಸ ಬೇಕು. ಮೇಲೆ ಹೆಡ್ಡಿನಲ್ಲಿ ಹೊಲಿಗೆ ಮಿಷನ್ನಿನಂಥ ಸಣ್ಣ ಟಿಕ್‌ಟಿಕ್ ಟ್ಯಾಪೆಟ್ಟಿನದು, ಹೊಂದಿಸಿದರೆ ಸರಿಹೋಗುತ್ತದೆ. ಎಡಬದಿಯ ಗರಗರ ಟೈಮಿಂಗ್ ಚೈನಿನದು. ಕೆಳಗಿನಿಂದ, ಒಳಗೆಲ್ಲೋ ಸುತ್ತಿಗೆ ಬಡಿದಂತೆ, ಆಕ್ಸಲರೇಟರ್ ಕೊಟ್ಟಾಗ ಜೋರಾಗುವ ಟಕ್ ಟಕ್ ಬಂದರೆ ಅದು ಕನೆಕ್ಟಿಂಗ್ ರಾಡಿನ ಬೇರಿಂಗಿನದು. ಎಂಜಿನ್ ಪೂರ್ತಿ ಬಿಚ್ಚದೆ ಬಗೆಹರಿಯದು. ಅಂಥ ಗಾಡಿ ಎಷ್ಟು ಅಗ್ಗವಿದ್ದರೂ ಬಿಟ್ಟು ಬರುವುದೇ ಲೇಸು.

ಇಷ್ಟು ಎಲ್ಲ ಊರಿನ ಹಳೆ ಗಾಡಿಗೂ ಸಲ್ಲುವ ಮಾತು. ತುಂಗಭದ್ರೆಯ ನೀರಾವರಿ ನೆಲದ ಗಾಡಿಗೆ ಅದರದೇ ಕಾಯಿಲೆಗಳಿವೆ. ನಾಟಿಯ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಕೇಜ್ ವೀಲುಗಳು ಗದ್ದೆಯ ಕೆಸರನ್ನು ರಸ್ತೆಗೆ ತಂದು ಹಾಕುತ್ತವೆ. ಎರೆಮಣ್ಣು ಅಂಟಿದರೆ ಬಿಡುವ ಜಾತಿಯದಲ್ಲ. ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ಹಿಡಿಯುತ್ತದೆ, ಬ್ರೇಕ್ ಡ್ರಮ್ಮಿಗೆ ನುಗ್ಗಿ ಲೈನರ್ ತಿನ್ನುತ್ತದೆ, ಚೈನಿನಲ್ಲಿ ಮರಳುಕಾಗದದಂತೆ ಕೆಲಸ ಮಾಡುತ್ತದೆ. ಸ್ಪ್ಲೆಂಡರಿನ ಸಿಲಿಂಡರ್ ಮುಂದಕ್ಕೆ ಮಲಗಿ, ಮುಂದಿನ ಚಕ್ರದ ಹಿಂದೆಯೇ ಇರುತ್ತದೆ. ಚಕ್ರ ಚಿಮ್ಮಿಸಿದ ಕೆಸರೆಲ್ಲ ಅದರ ರೆಕ್ಕೆಗಳ ನಡುವೆ ಕೂತು ಒಣಗುತ್ತದೆ. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ ಬಳ್ಳಾರಿಯ ಬೇಸಿಗೆಯಲ್ಲಿ ಹೀಗೆ ಕಂಬಳಿ ಹೊದ್ದು ಓಡಿದರೆ ಬೋರು ಬೇಗ ಹೋಗದೆ ಇನ್ನೇನಾದೀತು. ಪಾಲಿಷ್ ಹಾಕಿದವರು ಟ್ಯಾಂಕು ಉಜ್ಜುತ್ತಾರೆ, ರೆಕ್ಕೆಗಳ ನಡುವೆ ಕಡ್ಡಿ ಹಾಕುವುದಿಲ್ಲ. ಕೊಳ್ಳುವವನು ಹಾಕಿ ನೋಡಬೇಕು.

ಯೂರಿಯಾದ್ದು ಇನ್ನೊಂದು ಕಥೆ. ಈಗಿನ ಒಂದು ಚೀಲ 45 ಕಿಲೋ. ಹಿಂದಿನ ಸೀಟಿನ ಮೇಲೆ ಎರಡು ಚೀಲ, ಟ್ಯಾಂಕಿನ ಮೇಲೆ ಒಂದು, ಇದು ಇಲ್ಲಿ ಹೊಸ ನೋಟವಲ್ಲ. ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿಯುತ್ತವೆ, ಸ್ವಿಂಗ್ ಆರ್ಮಿನ ಬುಷ್ ಸವೆಯುತ್ತದೆ. ಅದಕ್ಕಿಂತ ಹೆಚ್ಚಿನದು, ಚೀಲದ ಹೊಲಿಗೆಯಿಂದ ಉದುರಿದ ಕಾಳು ಗಾಳಿಯ ತೇವ ಹೀರಿ ನೀರಾಗಿ, ಸೀಟಿನ ಕೆಳಗಿನ ಚಾಸಿಯ ಮೇಲೆ ಇಳಿಯುತ್ತದೆ. ಬಣ್ಣ ಎದ್ದು, ತುಕ್ಕು ಹಿಡಿದು, ಕಬ್ಬಿಣ ಪದರ ಪದರವಾಗುತ್ತದೆ. ಸೀಟು ತೆಗೆಸದೆ ಇದು ಕಾಣದು. ಸೀಟು ತೆಗೆಯಲು ಮಾರುವವನು ಒಪ್ಪದಿದ್ದರೆ ಕಾರಣ ಕೇಳಬೇಕು. ಚಾಸಿಗೆ ವೆಲ್ಡಿಂಗ್ ಹೊಡೆಸಿದ ಗುರುತು ಸಿಕ್ಕುವುದೂ ಅಲ್ಲೇ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ಸಿರುಗುಪ್ಪ ತಾಲ್ಲೂಕು ಮರೆತಿಲ್ಲ. ಹೊಳೆ ಉಕ್ಕಿ ಊರಿಗೆ ಊರೇ ನೀರಲ್ಲಿ ನಿಂತಿತ್ತು. ಅಂಥ ನೆರೆಯಲ್ಲಿ ಮುಳುಗೆದ್ದ ಗಾಡಿ ಒಣಗಿದ ಮೇಲೆ ಸ್ಟಾರ್ಟ್ ಆಗಬಹುದು, ವರ್ಷಗಳ ಕಾಲ ಓಡಲೂಬಹುದು. ಆದರೆ ಕೆಸರು ಸೇರಿದ ಕಡೆ ಗೆರೆ ಬಿಟ್ಟಿರುತ್ತದೆ. ಹೆಡ್‌ಲೈಟ್ ಡೂಮಿನ ಎರಡು ಸ್ಕ್ರೂ ಬಿಚ್ಚಿ ಒಳಗೆ ಟಾರ್ಚ್ ಹಾಕಿದರೆ ಹಳದಿ ಮಣ್ಣಿನ ಒಂದು ರೇಖೆ ಕಾಣಬಹುದು. ವೈರುಗಳ ಜೋಡಣೆಯಲ್ಲಿ ಹಸಿರು ಕಿಲುಬು ಕಾಣಬಹುದು. ಮುಂದಿನ ಚಕ್ರ ಎತ್ತಿ ತಿರುಗಿಸಿದರೆ ಬೇರಿಂಗು ಮರಳು ಅಗಿದ ಸದ್ದು ಮಾಡಬಹುದು. ನೀರು ತುಂಬಿದ ಸಿಲಿಂಡರಿಗೆ ಯಾರಾದರೂ ಅವಸರದಲ್ಲಿ ಕಿಕ್ ಹೊಡೆದಿದ್ದರಂತೂ ಕನೆಕ್ಟಿಂಗ್ ರಾಡೇ ಬಾಗಿರುವ ಸಾಧ್ಯತೆ ಇದೆ, ಏಕೆಂದರೆ ನೀರು ಗಾಳಿಯಂತೆ ಕುಗ್ಗುವುದಿಲ್ಲ. ನೆರೆ ಬಂದ ಸೀಮೆಯ ಗಾಡಿ ಕೊಳ್ಳುವಾಗ ಈ ಮೂರು ಜಾಗ ನೋಡಿಯೇ ಮಾತಾಡಬೇಕು.

ಪೆಟ್ರೋಲ್ ಟ್ಯಾಂಕಿಗೂ ಟಾರ್ಚ್ ಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರು ಹೀರುತ್ತದೆ. ಬಹಳ ದಿನ ನಿಂತ ಗಾಡಿಯಲ್ಲಿ ಆ ನೀರು ಟ್ಯಾಂಕಿನ ತಳಕ್ಕೆ ಇಳಿದು ತುಕ್ಕಾಗುತ್ತದೆ, ತುಕ್ಕು ಕಾರ್ಬುರೇಟರಿನ ಜೆಟ್ ಕಟ್ಟುತ್ತದೆ. ಈ ಇಂಧನಕ್ಕೆ ತಕ್ಕ ರಬ್ಬರ್, ಪೈಪುಗಳ ಗಾಡಿಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯದಾದರೆ ಪೆಟ್ರೋಲ್ ಪೈಪು ಬಿರುಕು ಬಿಟ್ಟಿದೆಯೇ, ಕಾರ್ಬುರೇಟರ್ ಸುತ್ತ ಒದ್ದೆಯಿದೆಯೇ ಎಂದು ಬೆರಳಿಟ್ಟು ನೋಡಬೇಕು. ನೀತಿ ಆಯೋಗದ 2021ರ ವರದಿಯೇ ಹಳೆಯ ದ್ವಿಚಕ್ರ ವಾಹನಗಳ ಮೈಲೇಜು ಶೇ 3ರಿಂದ 4ರಷ್ಟು ಇಳಿಯಬಹುದೆಂದು ಹೇಳಿತ್ತು. ಮಾರುವವನು ಹೇಳುವ ಮೈಲೇಜಿನಲ್ಲಿ ಅದನ್ನೂ ಕಳೆಯಬೇಕು.

ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕು, ಹ್ಯಾಂಡಲ್ಲು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ, ಅದೇ ಹೆಚ್ಚು ಭಯದ್ದು. ಮುಂದಿನ ಚಕ್ರ ನೆಲ ಬಿಟ್ಟಿರುವಾಗ ಹ್ಯಾಂಡಲನ್ನು ನಿಧಾನ ಎಡಕ್ಕೂ ಬಲಕ್ಕೂ ಹೊರಳಿಸಬೇಕು. ನಟ್ಟನಡುವೆ ಕಟಕ್ಕೆಂದು ಕಚ್ಚಿ ನಿಂತರೆ ಕೋನ್ ಸೆಟ್ ಹೋಗಿದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಸಣ್ಣ ಕಬ್ಬಿಣದ ಗುಬುಟು ಚಾಸಿಯ ಕುತ್ತಿಗೆಯಲ್ಲಿರುತ್ತದೆ. ಅದು ಜಜ್ಜಿದ್ದರೆ, ಅಕ್ಕಪಕ್ಕದ ಬಣ್ಣ ಬಿರಿದಿದ್ದರೆ, ಗಾಡಿ ಎದುರಿನಿಂದ ಎಲ್ಲೋ ಗುದ್ದಿದೆ. ಜನ ಚೈನ್ ಸಾಕೆಟ್ ಎಂದೇ ಕರೆಯುವ ಚೈನು–ಹಲ್ಲುಚಕ್ರದ ಜೋಡಿಯನ್ನು ನೋಡಲು ಸ್ಪ್ಲೆಂಡರಿನ ಚೈನ್ ಕವರಿನ ರಬ್ಬರ್ ಬಿರಡೆ ತೆಗೆದು ಬೆರಳು ತೂರಿಸಿದರೆ ಸಾಕು. ಚಕ್ರ ತಿರುಗಿಸಿದಂತೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ಚೈನು ಮುಗಿದಿದೆ. ಟೈರಿನ ಬದಿಯಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ: 2318 ಎಂದಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾದ ಟೈರು. ಗೆರೆ ಎಷ್ಟೇ ಆಳವಿರಲಿ, ಬಿಸಿಲಲ್ಲಿ ಗಟ್ಟಿಯಾದ ಹಳೆ ರಬ್ಬರ್ ಒದ್ದೆ ರಸ್ತೆಯಲ್ಲಿ ಹಿಡಿಯದು.

ಕಾಗದದ ವಿಷಯ ಚುಟುಕಾಗಿ. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿಸ್ ನಂಬರು ಗಾಡಿಯ ಮೇಲೆ ಕೆತ್ತಿದ್ದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಸಾಲ ಕೊಟ್ಟವರ ಹೆಸರು ಆರ್‌ಸಿಯಲ್ಲಿದ್ದರೆ ಫಾರಂ 35 ಇಲ್ಲದೆ ಮುಂದುವರಿಯಬಾರದು. ಆದೋನಿ, ಕರ್ನೂಲು ಕಡೆಯ ಗಾಡಿ ಈ ಗಡಿಯಲ್ಲಿ ಅಗ್ಗಕ್ಕೆ ಬರುವುದುಂಟು. ಅದಕ್ಕೆ ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ, ಕೆಎ 34ರ ಹೊಸ ನಂಬರು ಎಲ್ಲ ಸೇರಿಸಿ ಬೆಲೆ ಕಟ್ಟಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನೂ ನೋಡಬೇಕು. ಇನ್ನು ಮಾರುವವರಿಗೆ ಒಂದು ಮಾತು: ವಾಹನ ಎಷ್ಟು ಕೈ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದೆ. ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಕೈತೊಳೆದುಕೊಳ್ಳುವವರು ಇದನ್ನು ತಿಳಿದಿರಬೇಕು.

ಇಲ್ಲೊಂದು ದೊಡ್ಡ ಕೊರತೆ ಇದೆ. ಹೆಸರು ಬದಲಾವಣೆಗೆ ಫಾರಂ 29, 30, ವಿಮೆ, ವಿಳಾಸ ಎಲ್ಲ ಕೇಳುತ್ತಾರೆ. ಆ ಗಾಡಿಯ ಬ್ರೇಕು ಹಿಡಿಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಹಳೆ ವಾಹನಗಳ ಡೀಲರುಗಳಿಗೆ 2023ರ ಏಪ್ರಿಲ್‌ನಿಂದ ಬಂದ ಕೇಂದ್ರದ ನಿಯಮಗಳ ಕಾಳಜಿಯೂ ಮುಖ್ಯವಾಗಿ ದಾಖಲೆಯದೇ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಬೈಕಿಗೆ ಪ್ರತಿ ವರ್ಷ ಬ್ರೇಕು, ಸ್ಟೀರಿಂಗು, ಟೈರು, ದೀಪಗಳ ಪರೀಕ್ಷೆ ಕಡ್ಡಾಯ. ಹಳೆಯ ಪರೀಕ್ಷೆಗಳ ಫಲಿತಾಂಶವನ್ನು ಕೊಳ್ಳುವವರು ಪುಕ್ಕಟೆ ನೋಡಬಹುದು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಎಲ್ಲಕ್ಕೂ ಗಾಡಿಯ ದೋಷವೇ ಕಾರಣವಲ್ಲ. ಆದರೂ ಇಷ್ಟು ಜೀವ ಹೊತ್ತು ಓಡುವ ಯಂತ್ರ ಒಬ್ಬರಿಂದ ಒಬ್ಬರಿಗೆ ದಾಟುವಾಗ ಒಮ್ಮೆಯೂ ಪರೀಕ್ಷೆಗೆ ಒಳಗಾಗದಿರುವುದು ಸರಿಯಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಐಟಿಐಗಳಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳ ಮೆಕ್ಯಾನಿಕ್ ತರಬೇತಿಯೇ ಇದೆ. ತಾಲ್ಲೂಕಿಗೊಂದು ಕಡೆ, ವಾರಕ್ಕೊಂದು ದಿನ, ಸಣ್ಣ ಶುಲ್ಕಕ್ಕೆ ಹಳೆ ಗಾಡಿ ಪರೀಕ್ಷಿಸಿ ಒಂದು ಚೀಟಿ ಕೊಟ್ಟರೆ ಕೊಳ್ಳುವವರಿಗೆ ಧೈರ್ಯ, ಕಲಿಯುವ ಹುಡುಗರಿಗೆ ನಿಜವಾದ ಗಾಡಿಗಳ ಮೇಲೆ ಕೈ ಪಳಗಿಸುವ ಅವಕಾಶ. ಕಂಪ್ರೆಷನ್, ಹೊಗೆ, ಬ್ರೇಕು, ಕೋನ್ ಸೆಟ್, ಚಾಸಿ, ಇಷ್ಟೇ ಬರೆದರೂ ಸಾಕು. ಪ್ರಾಮಾಣಿಕವಾಗಿ ಮಾರುವವರಿಗೂ ಇದು ಒಳ್ಳೆಯದೇ, ಚೆನ್ನಾಗಿ ಇಟ್ಟುಕೊಂಡ ಗಾಡಿಗೆ ಚೆನ್ನಾದ ಬೆಲೆ ಸಿಗುತ್ತದೆ.

ಅಂಥದ್ದು ಬರುವವರೆಗೆ ಒಬ್ಬ ಮೇಸ್ತ್ರಿಯನ್ನು ಜೊತೆಗೆ ಕರೆದೊಯ್ಯಬೇಕು. ಗಾಡಿ ತೋರಿಸಿದ ಮೇಸ್ತ್ರಿಯನ್ನಲ್ಲ. ಅವನಿಗೆ ಎರಡೂ ಕಡೆಯ ಕಮಿಷನ್ ಇರಬಹುದು. ಮಾರುವವನ ಪರಿಚಯವಿಲ್ಲದ ಇನ್ನೊಬ್ಬನನ್ನು. ಅವನ ಅರ್ಧ ದಿನದ ಕೂಲಿಯನ್ನು ಮೊದಲೇ ಮಾತಾಡಿ ಕೊಡಬೇಕು, ಗಾಡಿ ಕೊಳ್ಳದೆ ಬಂದರೂ ಕೊಡಬೇಕು. ಚಹಾ ಕುಡಿಸಿ ಕಳಿಸುವ ರೂಢಿಯಿಂದಲೇ ಅವನ ಕಣ್ಣೂ ಮೇಲೆ ಮೇಲೆ ಓಡಾಡುತ್ತದೆ.

ಕೊನೆಯದು ಓಡಿಸಿ ನೋಡುವುದು. ಬಜಾರಿನ ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಸಾಲದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಗುಂಡಿಬಿದ್ದ ಹಳ್ಳಿಯ ದಾರಿಯಲ್ಲಿ ಆರೇಳು ಕಿಲೋಮೀಟರ್ ಹೋಗಿಬರಬೇಕು. ಮೇಲಿನ ಗೇರಿನಲ್ಲಿ ಆಕ್ಸಲರೇಟರ್ ಕೊಟ್ಟಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಸವೆದಿವೆ. ಭಾರ ಹೊತ್ತು ಎರಡನೇ ಗೇರಿನಲ್ಲಿ ಏರು ಹತ್ತುವಾಗ ಗೇರು ತಾನೇ ಕಳಚಿಕೊಂಡರೆ ಗೇರ್ ಬಾಕ್ಸ್ ಬಿಚ್ಚಬೇಕು. ಜೊತೆಗೆ ಬಂದವರು ಇನ್ನೊಂದು ಗಾಡಿಯಲ್ಲಿ ಹಿಂದೆ ಬರುತ್ತ, ಎರಡೂ ಚಕ್ರ ಒಂದೇ ಗೆರೆಯಲ್ಲಿ ಉರುಳುತ್ತಿವೆಯೇ, ಹಿಂದಿನದು ಪಕ್ಕಕ್ಕೆ ವಾಲಿ ಓಡುತ್ತಿದೆಯೇ ಎಂದು ನೋಡಬೇಕು. ವಾಪಸ್ ಬಂದು ನಿಲ್ಲಿಸಿ, ಬಿಸಿ ಎಂಜಿನ್ ಮತ್ತೆ ಸುಲಭವಾಗಿ ಸ್ಟಾರ್ಟ್ ಆಗುತ್ತದೆಯೇ ಎಂದು ಒಮ್ಮೆ ನೋಡಿ ಆಫ್ ಮಾಡಬೇಕು. ಆಮೇಲೆ ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ಎಂಜಿನ್ ಕೆಳಗೆ ಹಾಸಿ, ಎದುರಿನ ಅಂಗಡಿಯಲ್ಲಿ ಕೂತು ನಿಧಾನವಾಗಿ ಚಹಾ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಹಾಳೆ ಎಳೆದು ನೋಡಿದರೆ, ಎಣ್ಣೆಯ ಕಲೆ ಮುಂಭಾಗದಲ್ಲಿ ಬಿದ್ದಿದೆಯೋ, ಕ್ಲಚ್ ಬದಿಗೆ ಬಿದ್ದಿದೆಯೋ, ತಳದ ಬೋಲ್ಟಿನ ನೇರಕ್ಕೆ ಬಿದ್ದಿದೆಯೋ ಕಾಣುತ್ತದೆ. ಆ ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡೇ ಬೆಲೆಯ ಮಾತು ಶುರು ಮಾಡಬಹುದು.